ಗ್ರೈಂಡರ್ ಕೈಕೊಟ್ಟರೆ ಹೊರಗಿನಿಂದ ಒಳಗೆ ಹುಡುಕಿ

“ಆರ್ಮೇಚರ್ ಹೋಗೇತ್ರಿ, ವೈಂಡಿಂಗ್ ಮಾಡ್ಸಬೇಕ್ರಿ.” ಡಿಸ್ಕ್ ತಿರುಗಿಸಿ ಕಬ್ಬಿಣ ಕೊಯ್ಯುವ, ಉಜ್ಜುವ ಕೈ ಗ್ರೈಂಡರ್ ರಿಪೇರಿಗೆ ಬಂದರೆ ಜೊತೆಗೆ ಈ ತೀರ್ಪೂ ಬಂದಿರುತ್ತದೆ. ಬಿಚ್ಚಿ ನೋಡಿದರೆ ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ತಾಮ್ರದ ತಂತಿ ಸುತ್ತಿದ ಭಾಗ, ಎಷ್ಟೋ ಸಲ ನೆಟ್ಟಗೇ ಇರುತ್ತದೆ. ಅದಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು ಸವೆದಿರುತ್ತದೆ, ಎಕ್ಸ್‌ಟೆನ್ಶನ್ ವೈರ್ ತೆಳ್ಳಗಿರುತ್ತದೆ, ಡಿಸ್ಕ್ ತೇವ ಕುಡಿದಿರುತ್ತದೆ. ಅದೂ ಅಲ್ಲದಿದ್ದರೆ ನಾಲ್ಕಿಂಚಿನ ಡಿಸ್ಕ್‌ನ ಮಷೀನ್‌ನಿಂದ ಏಳಿಂಚಿನ ಕೆಲಸ ತೆಗೆಯುವ ಹಟ. ಅದಕ್ಕೇ ದೋಷ ಹುಡುಕುವಾಗ ಹೊರಗಿನಿಂದ ಒಳಗೆ ಹೋಗಬೇಕು. ಮೊದಲು ಕರೆಂಟು, ಆಮೇಲೆ ಡಿಸ್ಕ್, ಆಮೇಲೆ ಕಾರ್ಬನ್. ಬಾಡಿಯ ಸ್ಕ್ರೂ ಕೊನೆಗೆ.

ಮಷೀನ್ ಎಲ್ಲಿ ದುಡಿದಿದೆ ಅನ್ನೋದೂ ಅರ್ಧ ಉತ್ತರ ಹೇಳುತ್ತದೆ. ಬೆಳಗಾವಿಯ ಉದ್ಯಮಬಾಗ್ ಕಡೆಯ ಫೌಂಡ್ರಿಯಲ್ಲಿ ಕಾಸ್ಟಿಂಗ್‌ನ ಬರ್ (ಅಂಚಿನ ಉಬ್ಬು) ತೆಗೆಯುವ ಮಷೀನ್ ಆದರೆ ಒಳಗೆ ಮರಳಿನ ಪುಡಿ ಗ್ಯಾರಂಟಿ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಟ್ರೇಲರ್ ರಿಪೇರಿ ಮಾಡುವ ಮಷೀನ್ ಆದರೆ ಒತ್ತಿ ಒತ್ತಿ ಬಳಸಿರುತ್ತಾರೆ. ವಿಜಯಪುರ, ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ಚಪ್ಪರದ ಆಂಗಲ್ ಕೊಯ್ದದ್ದಾದರೆ ಪಂಪ್ ಮನೆಯಿಂದ ಉದ್ದಕ್ಕೆ ಎಳೆದ ವೈರ್ ಮೇಲೆ ನನಗೆ ಮೊದಲ ಅನುಮಾನ.

ಮುಟ್ಟುವ ಮೊದಲು ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಸ್ವಿಚ್ ಒತ್ತಿದರೂ ಸದ್ದೇ ಇಲ್ಲ

ಅದೇ ಸಾಕೆಟ್‌ಗೆ ಒಂದು ಬಲ್ಬ್ ಹಾಕಿ ನೋಡಿ. ಬಲ್ಬ್ ಹತ್ತಿದರೆ ಮಷೀನ್ ಕಡೆ ಬನ್ನಿ. ವೈರ್ ಬಾಡಿಯೊಳಗೆ ಹೋಗುವ ಜಾಗದಲ್ಲಿ ರಬ್ಬರ್ ತೋಳು ಇರುತ್ತದಲ್ಲ, ಅಲ್ಲೇ ಒಳಗಿನ ತಾಮ್ರ ತುಂಡಾಗುವುದು ಜಾಸ್ತಿ. ಹೊರಗಿನ ಪ್ಲಾಸ್ಟಿಕ್ ಸರಿಯಾಗೇ ಕಾಣುತ್ತದೆ. ಪ್ಲಗ್ ಕಿತ್ತೇ ಇರಲಿ. ಸ್ವಿಚ್ ಒತ್ತಿ ಹಿಡಿದು, ಪ್ಲಗ್‌ನ ಎರಡು ಪಿನ್‌ಗಳ ನಡುವೆ ಮಲ್ಟಿಮೀಟರ್ ಇಟ್ಟು ವೈರ್ ಅಲ್ಲಾಡಿಸಿ. ರೀಡಿಂಗ್ ಬಂದು ಹೋಗಿ ಮಾಡಿದರೆ ದೋಷ ಅಲ್ಲೇ. ಅಷ್ಟು ತುಂಡು ಕತ್ತರಿಸಿ ವೈರ್ ಮತ್ತೆ ಜೋಡಿಸಿದರೆ ಮುಗಿಯಿತು.

ರೀಡಿಂಗ್ ಬರಲೇ ಇಲ್ಲವೇ? ಕಾರ್ಬನ್ ನೋಡಿ. ಕೆಲವು ಕಂಪನಿಗಳ ಕಾರ್ಬನ್ ಒಳಗೆ ಸಣ್ಣ ಪಿನ್ ಇರುತ್ತದೆ. ಕಾರ್ಬನ್ ಸವೆದು ಮಟ್ಟಕ್ಕೆ ಬಂದಾಗ ಆ ಪಿನ್ ಮುಂದೆ ಬಂದು ಕರೆಂಟ್ ತಪ್ಪಿಸುತ್ತದೆ. ಮಷೀನ್ ಏಕಾಏಕಿ ನಿಂತು ಹೋಗುತ್ತದೆ. ಜನ ಇದನ್ನೇ “ಸುಟ್ಟೋತು” ಅಂದುಕೊಳ್ಳುತ್ತಾರೆ. ವಾಸನೆ ಬರದೆ, ಹೊಗೆ ಏಳದೆ ನಿಂತ ಮಷೀನ್‌ನ ಆರ್ಮೇಚರ್ ಸುಟ್ಟಿರುವ ಸಾಧ್ಯತೆ ಕಡಿಮೆ. ಕಾರ್ಬನ್ ಸರಿ ಇದ್ದರೆ ಉಳಿಯುವುದು ಸ್ವಿಚ್. ಕಬ್ಬಿಣದ ಪುಡಿ ಸೇರಿ ಸ್ವಿಚ್‌ನ ಪಾಯಿಂಟ್ ಕರಕಾಗಿರುತ್ತದೆ. ಅದನ್ನು ಉಜ್ಜಿ ಹಾಕಿದರೆ ಹೆಚ್ಚು ದಿನ ಬಾರದು, ಬದಲಿಸಿಬಿಡಿ.

ತಿರುಗುತ್ತದೆ, ಆದರೆ ದಮ್ಮಿಲ್ಲ

ಅತಿ ಹೆಚ್ಚು ಬರುವ ದೂರು ಇದು. ತಪ್ಪು ಚಿಕಿತ್ಸೆ ಹೆಚ್ಚು ನಡೆಯುವುದೂ ಇದಕ್ಕೇ. ಖಾಲಿ ಓಡಿಸಿದರೆ ಗುಂಯ್ ಅಂತ ಚೆನ್ನಾಗಿ ಓಡುತ್ತದೆ, ಕಬ್ಬಿಣಕ್ಕೆ ತಾಗಿಸಿದ ಕೂಡಲೇ ಕುಗ್ಗುತ್ತದೆ.

ಮೊದಲು ಕರೆಂಟಿನ ಲೆಕ್ಕ. 850 ವ್ಯಾಟ್‌ನ ನಾಲ್ಕಿಂಚಿನ ಮಷೀನ್ 230 ವೋಲ್ಟ್‌ನಲ್ಲಿ ಸುಮಾರು 4 ಆಂಪಿಯರ್ ಎಳೆಯುತ್ತದೆ. 2200 ವ್ಯಾಟ್‌ನ ಏಳಿಂಚಿನದು ಹತ್ತಿರ ಹತ್ತಿರ 10 ಆಂಪಿಯರ್. ಈಗ 0.75 ಚದರ ಮಿ.ಮೀ. ತಾಮ್ರದ ವೈರ್ 30 ಮೀಟರ್ ಎಳೆದಿದ್ದೀರಿ ಅಂದುಕೊಳ್ಳಿ. ಹೋಗಿ ಬರುವ ದಾರಿ 60 ಮೀಟರ್. ಅದರ ರೆಸಿಸ್ಟೆನ್ಸ್ ಸುಮಾರು ಒಂದೂವರೆ ಓಮ್. 10 ಆಂಪಿಯರ್ ಹರಿದರೆ 15 ವೋಲ್ಟ್ ವೈರ್‌ನಲ್ಲೇ ಖರ್ಚು. ಲೈನ್‌ನಲ್ಲೇ 200 ವೋಲ್ಟ್ ಬರುತ್ತಿದ್ದರೆ ಮಷೀನ್‌ಗೆ ಸಿಗುವುದು 185. ಅದೇ 2.5 ಚದರ ಮಿ.ಮೀ. ವೈರ್ ಆಗಿದ್ದರೆ ನಷ್ಟ 5 ವೋಲ್ಟ್‌ನಷ್ಟು ಮಾತ್ರ.

ಕಡಿಮೆ ವೋಲ್ಟೇಜ್‌ನ ಕೇಡು ಶಕ್ತಿ ಕುಗ್ಗುವುದಕ್ಕೇ ನಿಲ್ಲುವುದಿಲ್ಲ. ಸ್ಪೀಡ್ ಇಳಿಯುತ್ತದೆ, ಕೆಲಸ ಸಾಗದೆ ನಾವು ಇನ್ನೂ ಒತ್ತುತ್ತೇವೆ, ಆಂಪಿಯರ್ ಏರುತ್ತದೆ. ತಂಪು ಮಾಡುವ ಫ್ಯಾನ್ ಕೂಡ ಅದೇ ಆರ್ಮೇಚರ್‌ನ ಶಾಫ್ಟ್ ಮೇಲಿದೆ. ಸ್ಪೀಡ್ ಇಳಿದರೆ ಗಾಳಿಯೂ ಇಳಿಯಿತು. ಬಿಸಿ ಜಾಸ್ತಿ ಹುಟ್ಟುವ ಹೊತ್ತಿಗೇ ಗಾಳಿ ಕಡಿಮೆ. ಆಗ ಆರ್ಮೇಚರ್ ನಿಜವಾಗಿಯೂ ಸುಡುತ್ತದೆ. ಮರುದಿನ ವೈಂಡಿಂಗ್ ಮಾಡಿಸಿ ಅದೇ ವೈರ್‌ಗೆ ಸಿಕ್ಕಿಸಿದರೆ ಅದೇ ಕತೆ ಮತ್ತೆ.

ಪರೀಕ್ಷೆ ಸುಲಭ. ಎಕ್ಸ್‌ಟೆನ್ಶನ್ ಬೋರ್ಡ್‌ನ ಇನ್ನೊಂದು ಸಾಕೆಟ್‌ನಲ್ಲಿ ಮೀಟರ್ ಇಟ್ಟು, ಇನ್ನೊಬ್ಬರಿಂದ ಕಬ್ಬಿಣ ಉಜ್ಜಿಸಿ. ಖಾಲಿ ಓಡುವಾಗಿನ ರೀಡಿಂಗ್‌ಗೂ ಕೆಲಸ ಮಾಡುವಾಗಿನ ರೀಡಿಂಗ್‌ಗೂ ಎಷ್ಟು ವ್ಯತ್ಯಾಸ ಇದೆ ನೋಡಿ. ಹತ್ತು ಹದಿನೈದು ವೋಲ್ಟ್ ಬೀಳುತ್ತಿದ್ದರೆ ಮಷೀನ್ ಬಿಚ್ಚುವ ಮೊದಲು ವೈರ್ ಬದಲಿಸಿ. ರೀಲ್‌ಗೆ ಸುತ್ತಿದ ವೈರ್ ಅನ್ನು ಪೂರ್ತಿ ಬಿಚ್ಚಿ ಬಳಸಿ. ಸುತ್ತಿದ್ದಲ್ಲೇ ಇದ್ದರೆ ಒಳಗಿನ ಬಿಸಿ ಹೊರಗೆ ಹೋಗದೆ ಪ್ಲಾಸ್ಟಿಕ್ ಕರಗಿ ಅಂಟಿಕೊಳ್ಳುತ್ತದೆ.

ಕರೆಂಟು ಸರಿ ಇದೆ ಅಂತಾದರೆ ಡಿಸ್ಕ್ ಕಡೆ ತಿರುಗಿ. ನಾಲ್ಕಿಂಚಿನ ಹೊಸ ಡಿಸ್ಕ್ 11,000 ಆರ್‌ಪಿಎಂನಲ್ಲಿ ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 58 ಮೀಟರ್ ಓಡುತ್ತದೆ. ಸವೆದು ಮೂರಿಂಚು ಆದಾಗ ಅದು 44ಕ್ಕಿಂತ ಕೆಳಗೆ ಬರುತ್ತದೆ. ಮಷೀನ್ ಅದೇ, ಕರೆಂಟು ಅದೇ, ಕೊಯ್ಯುವ ವೇಗ ಮಾತ್ರ ಕಾಲುಭಾಗ ಹೋಯಿತು. ಬೆಳಿಗ್ಗೆ ಚುರುಕಾಗಿದ್ದ ಗ್ರೈಂಡರ್ ಸಂಜೆಗೆ “ಸುಸ್ತಾಗೈತಿ” ಅನ್ನಿಸುವುದು ಹೀಗೆ.

ಡಿಸ್ಕ್ ಅಂಚು ಗಾಜಿನ ಹಾಗೆ ನುಣ್ಣಗೆ ಹೊಳೆಯುತ್ತಿದೆಯಾ? ಅಂದರೆ ಡಿಸ್ಕ್‌ನಲ್ಲಿ ಕೊಯ್ಯುವ ಹರಳು ಮೊಂಡಾಗಿದೆ, ಆದರೆ ಉದುರುತ್ತಿಲ್ಲ. ಗಟ್ಟಿ ಡಿಸ್ಕ್‌ನಲ್ಲಿ ಗಟ್ಟಿ ಉಕ್ಕನ್ನು ಮೆಲ್ಲಗೆ ಸವರುತ್ತಾ ಕೂತರೆ ಹೀಗಾಗುತ್ತದೆ. ಅಲ್ಯೂಮಿನಿಯಂ ಕೊಯ್ದರೂ ಅಷ್ಟೇ, ಲೋಹ ಕರಗಿ ಡಿಸ್ಕ್‌ನ ರಂಧ್ರ ತುಂಬಿಕೊಳ್ಳುತ್ತದೆ. ಅದಕ್ಕೆ ಬೇರೆ ಡಿಸ್ಕ್ ಬೇಕು. ಡಿಸ್ಕ್ ಮೇಲಿನ ಅಕ್ಷರ ಓದುವ ಅಭ್ಯಾಸ ಮಾಡಿಕೊಳ್ಳಿ. ‘ಎ’ ಅಂದರೆ ಅಲ್ಯೂಮಿನಿಯಂ ಆಕ್ಸೈಡ್ ಹರಳು, ಉಕ್ಕಿಗೆ. ‘ಸಿ’ ಅಂದರೆ ಸಿಲಿಕಾನ್ ಕಾರ್ಬೈಡ್, ಮುಖ್ಯವಾಗಿ ಕಲ್ಲು, ಕಾಂಕ್ರೀಟಿಗೆ. ಕಲ್ಲಿನ ಡಿಸ್ಕ್ ಹಾಕಿ ಎಂ.ಎಸ್. (ಸಾದಾ ಉಕ್ಕು) ಆಂಗಲ್ ಕೊಯ್ದು “ಡಿಸ್ಕ್ ಡುಪ್ಲಿಕೇಟ್ ಅದ” ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗುವವರಿದ್ದಾರೆ.

ಕರೆಂಟೂ ಸರಿ, ಡಿಸ್ಕೂ ಸರಿ, ಆದರೂ ಕುಗ್ಗುತ್ತದೆ ಅಂದರೆ ಸದ್ದು ಕೇಳಿ. ಮೋಟಾರ್ ಜೋರಾಗಿ ಓಡುತ್ತಿದ್ದು ಡಿಸ್ಕ್ ಮಾತ್ರ ನಿಂತು ನಿಂತು ತಿರುಗಿದರೆ ಗೇರಿನ ಹಲ್ಲು ಹೋಗಿದೆ. ಮೋಟಾರೇ ಮಂಕಾಗಿ ಗೊರಗುಟ್ಟಿದರೆ ಮುಂದಿನ ಭಾಗ ಓದಿ.

ಹಿಂದುಗಡೆ ಕಿಡಿ

ಕಾರ್ಬನ್ ಜಾಗದಲ್ಲಿ ಸಣ್ಣ ನೀಲಿ ಕಿಡಿ ಕಾಣುವುದು ಸಹಜ. ಕಿಡಿ ಉದ್ದವಾಗಿ, ಹಳದಿಯಾಗಿ ಕಮ್ಯುಟೇಟರ್ (ಕಾರ್ಬನ್ ತಾಗುವ ತಾಮ್ರದ ಪಟ್ಟಿಗಳ ಉರುಳೆ) ಸುತ್ತ ಬಳೆಯ ಹಾಗೆ ಸುತ್ತಿದರೆ ತಕ್ಷಣ ನಿಲ್ಲಿಸಿ.

ಎರಡೂ ಕಾರ್ಬನ್ ಹೊರಗೆ ತೆಗೆಯಿರಿ. 5–6 ಮಿ.ಮೀ.ಗೆ ಇಳಿದಿದ್ದರೆ ಬದಲಿಸಿ, ಬದಲಿಸುವಾಗ ಜೋಡಿಯನ್ನೇ ಬದಲಿಸಿ. ಒಂದು ಉದ್ದ, ಇನ್ನೊಂದು ಗಿಡ್ಡ ಸವೆದಿದ್ದರೆ ಗಿಡ್ಡದ್ದಕ್ಕಿಂತ ಉದ್ದದ್ದನ್ನೇ ಅನುಮಾನಿಸಿ. ಅದು ಪುಡಿ ಸೇರಿ ಹೋಲ್ಡರ್‌ನಲ್ಲಿ ಸಿಕ್ಕಿಕೊಂಡಿರಬಹುದು, ಸ್ಪ್ರಿಂಗ್ ಸೋತಿರಬಹುದು. ಹೋಲ್ಡರ್ ಒರೆಸಿ, ಕಾರ್ಬನ್ ಬೆರಳಲ್ಲಿ ತಳ್ಳಿದರೆ ಸರಾಗವಾಗಿ ಜಾರಬೇಕು. ಪಕ್ಕದ ಮಾಡೆಲ್‌ನ ಕಾರ್ಬನ್ ಉಜ್ಜಿ ಕೂರಿಸುವುದು ನಮ್ಮ ಕಡೆ ಮಾಮೂಲು. ಅಳತೆ ಕೂರುತ್ತದೆ, ಗಡಸುತನ ಕೂರುವುದಿಲ್ಲ. ಗಟ್ಟಿ ಕಾರ್ಬನ್ ಕಮ್ಯುಟೇಟರನ್ನೇ ಕೊರೆಯುತ್ತದೆ. ನಲವತ್ತು ಐವತ್ತು ರೂಪಾಯಿ ಉಳಿಸಲು ಹೋಗಿ ಆರ್ಮೇಚರ್ ಕಳೆದುಕೊಳ್ಳುವ ವ್ಯಾಪಾರ ಅದು. ಹೊಸ ಕಾರ್ಬನ್ ಹಾಕಿದ ಮೇಲೆ ಕೆಲವು ನಿಮಿಷ ಖಾಲಿ ಓಡಿಸಿ, ದುಂಡಗೆ ಕೂತುಕೊಳ್ಳಲಿ.

ಕಾರ್ಬನ್ ಬದಲಿಸಿದರೂ ಕಿಡಿ ನಿಲ್ಲದಿದ್ದರೆ ಈಗ ಆರ್ಮೇಚರ್ ಸರದಿ. ಕಮ್ಯುಟೇಟರ್ ಕಂದುಬಣ್ಣಕ್ಕೆ ಒಂದೇ ಸಮ ಇದ್ದರೆ ಒಳ್ಳೆಯದು. ಎರಡು ಮೂರು ಪಟ್ಟಿ ಮಾತ್ರ ಕಪ್ಪಾಗಿ ಸುಟ್ಟಿದ್ದರೆ ಆ ಪಟ್ಟಿಗೆ ಸೇರಿದ ಸುತ್ತಿನಲ್ಲಿ ದೋಷ. ಮೀಟರನ್ನು ಕಡಿಮೆ ಓಮ್‌ಗೆ ಇಟ್ಟು ಪಕ್ಕಪಕ್ಕದ ಪಟ್ಟಿಗಳನ್ನು ಒಂದೊಂದಾಗಿ ಅಳೆಯುತ್ತಾ ಒಂದು ಸುತ್ತು ಬನ್ನಿ. ರೀಡಿಂಗ್ ಎಲ್ಲೆಡೆ ಹೆಚ್ಚು ಕಡಿಮೆ ಒಂದೇ ಇರಬೇಕು. ಒಂದು ಕಡೆ ತಟ್ಟನೆ ಏರಿದರೆ ಒಳಗೆ ತಂತಿ ಕಡಿದಿದೆ, ತಟ್ಟನೆ ಇಳಿದರೆ ಶಾರ್ಟ್. ಪಟ್ಟಿಗೂ ಆರ್ಮೇಚರ್‌ನ ಕಬ್ಬಿಣಕ್ಕೂ ನಡುವೆ ಯಾವ ರೀಡಿಂಗೂ ಬರಬಾರದು. ಸಾದಾ ಮೀಟರ್‌ಗೆ ಸಣ್ಣ ಶಾರ್ಟ್ ಸಿಗದೆಯೂ ಹೋಗಬಹುದು. ವೈಂಡಿಂಗ್ ಅಂಗಡಿಯಲ್ಲಿ ಆರ್ಮೇಚರ್ ಪರೀಕ್ಷಿಸುವ ಗ್ರೌಲರ್ ಎಂಬ ಸಾಧನದ ಮೇಲೆ ಇಟ್ಟು, ಮೇಲೊಂದು ಗರಗಸದ ಬ್ಲೇಡ್ ಹಿಡಿಯುತ್ತಾರೆ. ಶಾರ್ಟ್ ಇರುವ ಜಾಗದಲ್ಲಿ ಬ್ಲೇಡ್ ಗಡಗಡ ಅದುರುತ್ತದೆ. ಇದನ್ನು ಮಾಡಿಸದೆ ವೈಂಡಿಂಗ್‌ಗೆ ಒಪ್ಪಬೇಡಿ.

ಬರೀ ಕೊಳೆ ಆಗಿದ್ದರೆ ನಯವಾದ ಸ್ಯಾಂಡ್ ಪೇಪರ್ ಪಟ್ಟಿಯಿಂದ ಕಮ್ಯುಟೇಟರ್ ಉಜ್ಜಿ. ಎಮರಿ ಪೇಪರ್ ಬೇಡ. ಅದರ ಪುಡಿ ಪಟ್ಟಿಗಳ ನಡುವೆ ಕೂತು ಹೊಸ ಶಾರ್ಟ್ ತರುತ್ತದೆ. ಪಟ್ಟಿಗಳ ನಡುವಿನ ಮೈಕಾ ತಾಮ್ರಕ್ಕಿಂತ ಸ್ವಲ್ಪ ತಗ್ಗಿನಲ್ಲೇ ಇರಬೇಕು.

ಫೌಂಡ್ರಿ ಮಷೀನ್‌ಗಳಿಗೆ ಇನ್ನೊಂದು ಮಾತು. ಗಾಳಿಯ ಕಿಂಡಿಗಳಿಂದ ಕಬ್ಬಿಣದ ಪುಡಿ, ಮರಳು ಒಳಗೆ ಹೋಗುತ್ತಲೇ ಇರುತ್ತದೆ. ಕಬ್ಬಿಣದ ಪುಡಿ ಕರೆಂಟ್ ಹರಿಸುತ್ತದೆ, ಮರಳು ವೈಂಡಿಂಗ್‌ನ ವಾರ್ನಿಶ್ ಕೆರೆಯುತ್ತದೆ. ಶಿಫ್ಟ್ ಮುಗಿದ ಮೇಲೆ ಮಷೀನ್ ಖಾಲಿ ಓಡಿಸುತ್ತಾ ಕಿಂಡಿಗೆ ಒಣ ಗಾಳಿ ಹೊಡೆಯಿರಿ, ಕನ್ನಡಕ ಹಾಕಿಕೊಂಡು. ಕಂಪ್ರೆಸರ್‌ನಲ್ಲಿ ನೀರು ನಿಂತಿದ್ದರೆ ಮೊದಲು ಅದನ್ನು ಬಿಟ್ಟು ಬನ್ನಿ.

ನಡುಕ, ಕರಕರ ಸದ್ದು

ಡಿಸ್ಕ್ ಬಿಚ್ಚಿ, ಅದು ಕೂರುವ ಸ್ಪಿಂಡಲ್ ಅನ್ನು ಖಾಲಿ ಓಡಿಸಿ. ನಟ್, ಡಿಸ್ಕ್‌ನ ಹಿಂದೆ ಕೂರುವ ಫ್ಲ್ಯಾಂಜ್ ಬಿಲ್ಲೆ ಕೂಡ ತೆಗೆದಿರಬೇಕು. ನಡುಕ ನಿಂತರೆ ತಪ್ಪು ಡಿಸ್ಕ್‌ನದ್ದು ಇಲ್ಲವೇ ಕೂರಿಸಿದ್ದರದ್ದು. ಫ್ಲ್ಯಾಂಜ್ ಮೇಲೆ ಒಂದು ಚೂರು ಕಬ್ಬಿಣದ ಪುಡಿ ಇದ್ದರೂ ಡಿಸ್ಕ್ ಓರೆಯಾಗುತ್ತದೆ. ಹೊರಗಿನ ನಟ್‌ಗೆ ಎರಡು ಮುಖ ಇರುತ್ತದೆ. ದಪ್ಪ ಗ್ರೈಂಡಿಂಗ್ ಡಿಸ್ಕ್‌ಗೆ ಉಬ್ಬಿದ ಮುಖ ಒಳಗೆ, ಒಂದು ಮಿ.ಮೀ. ಕಟಿಂಗ್ ಡಿಸ್ಕ್‌ಗೆ ಚಪ್ಪಟೆ ಮುಖ ಒಳಗೆ. ಅದಲು ಬದಲಾದರೆ ತೆಳು ಡಿಸ್ಕ್ ಸಡಿಲವಾಗೇ ಉಳಿಯುತ್ತದೆ.

ಡಿಸ್ಕ್ ಇಲ್ಲದೆಯೂ ನಡುಗಿದರೆ ಬೇರಿಂಗ್ ಅಥವಾ ಬಾಗಿದ ಸ್ಪಿಂಡಲ್. ಸ್ಪಿಂಡಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಸಿಕ್ಕರೆ ಬೇರಿಂಗ್. ಬೇರಿಂಗ್ ನಂಬರ್ ಅದರ ಮೇಲೇ ಕೆತ್ತಿರುತ್ತದೆ, ಅದನ್ನೇ ಕೇಳಿ ತನ್ನಿ. ಕರಕರ ಸದ್ದು ಮುಂದಿನ ತಲೆಯಿಂದ ಬಂದರೆ ಗೇರ್ ಬಾಕ್ಸ್ ಬಿಚ್ಚಿ ಹಳೆಯ ಗ್ರೀಸ್ ಪೂರ್ತಿ ಒರೆಸಿ ಹೊಸದು ಹಾಕಿ, ಆದರೆ ತುಂಬಿ ತುಳುಕಿಸಬೇಡಿ. ಜಾಸ್ತಿ ಗ್ರೀಸ್ ಬಿಸಿಯಾಗಿ ಆರ್ಮೇಚರ್ ಕಡೆಗೆ ಹರಿಯುತ್ತದೆ. ಗೇರ್ ಹೋಗಿದ್ದರೆ ದೊಡ್ಡದು ಚಿಕ್ಕದು ಎರಡನ್ನೂ ನೋಡಿ. ಚಿಕ್ಕ ಗೇರ್ ಕೆಲವು ಮಾಡೆಲ್‌ನಲ್ಲಿ ಆರ್ಮೇಚರ್‌ನ ಶಾಫ್ಟ್‌ನಲ್ಲೇ ಕೊರೆದಿರುತ್ತದೆ. ಆಗ ಖರ್ಚು ಬೇರೆ.

ಓಡುತ್ತಿರುವಾಗ ಸ್ಪಿಂಡಲ್ ಲಾಕ್ ಬಟನ್ ಒತ್ತಿ ಡಿಸ್ಕ್ ಬೇಗ ನಿಲ್ಲಿಸುವ ಚಾಳಿ ಇದ್ದರೆ ಗೇರ್ ಮತ್ತು ಲಾಕ್ ಪಿನ್ ಎರಡೂ ಒಡೆಯುತ್ತವೆ. ಹುಡುಗರಿಗೆ ಮೊದಲ ದಿನವೇ ಹೇಳಿಬಿಡಿ.

ಡಿಸ್ಕ್ ಒಡೆಯುವುದು, ಸಿಕ್ಕಿ ಹಿಂದಕ್ಕೆ ಹೊಡೆಯುವುದು

ಇಲ್ಲಿ ಹಾಳಾಗುವುದು ಮಷೀನ್ ಅಲ್ಲ, ಕೈ ಮತ್ತು ಮುಖ. ಸಾಮಾನ್ಯ ಡಿಸ್ಕ್‌ಗಳ ಮಿತಿ ಸೆಕೆಂಡಿಗೆ 80 ಮೀಟರ್. ಏಳಿಂಚಿನ ಡಿಸ್ಕ್ 8,500 ಆರ್‌ಪಿಎಂನಲ್ಲೇ ಆ ಮಿತಿ ಮುಟ್ಟುತ್ತದೆ. ಅದನ್ನು ಗಾರ್ಡ್ (ಡಿಸ್ಕ್ ಮೇಲಿನ ರಕ್ಷಣೆಯ ಕವಚ) ತೆಗೆದು 11,000ದ ಚಿಕ್ಕ ಮಷೀನ್‌ಗೆ ಹೇಗೋ ಕೂರಿಸಿದರೆ 100 ಮೀಟರ್ ದಾಟುತ್ತದೆ. ಡಿಸ್ಕ್ ಸಿಡಿದರೆ ಆಶ್ಚರ್ಯವಿಲ್ಲ. ನಾಲ್ಕಿಂಚಿನ ಡಿಸ್ಕ್‌ನ ರಂಧ್ರ 16 ಮಿ.ಮೀ., ಐದಿಂಚಿನದು 22.23. ರಿಂಗ್ ಹಾಕಿ ಐದಿಂಚಿನದನ್ನು ಚಿಕ್ಕ ಮಷೀನ್‌ಗೆ ಹಾಕುವವರು “ಸ್ಪೀಡ್ ಮಿತಿಯೊಳಗೇ ಐತಲ್ರಿ” ಅನ್ನುತ್ತಾರೆ. ಲೆಕ್ಕ ಸರಿ. ಆದರೆ ಗಾರ್ಡ್ ತೆಗೆಯದೆ ಅದು ಕೂರುವುದಿಲ್ಲ, ನನ್ನ ತಕರಾರು ಅದಕ್ಕೆ. ಮರ ಕೊಯ್ಯುವ ಹಲ್ಲಿನ ಬ್ಲೇಡ್ ವಿಷಯ ಮಾತಾಡುವುದೇ ಬೇಡ. ಅದು ಈ ಮಷೀನ್‌ಗೆ ಅಲ್ಲ.

ಗಾರ್ಡ್ ಇದ್ದೂ ಡಿಸ್ಕ್ ಒಡೆದರೆ ಅದರ ವಯಸ್ಸು ನೋಡಿ. ಮಧ್ಯದ ಲೋಹದ ಬಳೆಯ ಮೇಲೆ ‘ವಿ’ ಅಕ್ಷರ, ಮುಂದೆ ತಿಂಗಳು ಮತ್ತು ವರ್ಷ ಒತ್ತಿರುತ್ತಾರೆ. ಅದು ಬಳಕೆಯ ಕೊನೆಯ ಗಡುವು, ತಯಾರಾದ ದಿನದಿಂದ ಮೂರು ವರ್ಷ. ಡಿಸ್ಕ್‌ನ ಹರಳುಗಳನ್ನು ಹಿಡಿದಿರುವ ರೆಸಿನ್ ತೇವ ಕುಡಿದರೆ ಸೋಲುತ್ತದೆ. ವಿಜಯಪುರದ ಒಣ ಹವೆಯಲ್ಲಿ ಇದು ಅಷ್ಟು ಕಾಡುವುದಿಲ್ಲ. ಬೆಳಗಾವಿಯ ಮಳೆಗಾಲ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನ ನೆಲದ ಮೇಲೆ, ಗೋಡೆಗೆ ಒರಗಿಸಿ ಇಟ್ಟ ಡಿಸ್ಕ್‌ಗಳು ಸೊಟ್ಟಗಾಗುತ್ತವೆ, ದುರ್ಬಲವೂ ಆಗುತ್ತವೆ. ಮುಚ್ಚಳದ ಡಬ್ಬಿಯಲ್ಲಿ ಮಲಗಿಸಿ, ನೆಲದಿಂದ ಮೇಲೆ ಇಡಿ. ತಟ್ಟಿ ಸದ್ದು ಕೇಳುವ ಪರೀಕ್ಷೆ ಬೆಂಚ್ ಗ್ರೈಂಡರ್‌ನ ಕಲ್ಲಿಗೆ ಸರಿ, ಇಲ್ಲಿ ನಂಬಬೇಡಿ. ಹೊಸ ಡಿಸ್ಕ್ ಹಾಕಿದಾಗ ಯಾರೂ ಎದುರಿಗಿಲ್ಲದ ಕಡೆ ತಿರುಗಿಸಿ ಅರ್ಧ ನಿಮಿಷ ಖಾಲಿ ಓಡಿಸಿ.

ಕಟಿಂಗ್ ಡಿಸ್ಕ್‌ನ ಬದಿಯಿಂದ ಉಜ್ಜಬಾರದು. ಕೊಯ್ಯುವಾಗ ನೆಟ್ಟಗೆ 90 ಡಿಗ್ರಿ, ಉಜ್ಜುವ ದಪ್ಪ ಡಿಸ್ಕ್‌ಗೆ 15ರಿಂದ 30 ಡಿಗ್ರಿ ಓರೆ.

ಡಿಸ್ಕ್ ಪದೇ ಪದೇ ಸಿಕ್ಕಿಕೊಳ್ಳುತ್ತಿದ್ದರೆ ಮಷೀನ್ ಬಿಟ್ಟು ಕಬ್ಬಿಣವನ್ನು ಹೇಗೆ ಇಟ್ಟಿದ್ದೀರಿ ನೋಡಿ. ಟ್ರೇಲರ್‌ನ ಚಾನೆಲ್ಲನ್ನು ಎರಡು ತುದಿಗೆ ಕಲ್ಲು ಕೊಟ್ಟು ನಡುವೆ ಕೊಯ್ದರೆ, ಕೊಯ್ಯುತ್ತಾ ಹೋದಂತೆ ನಡು ಕುಸಿದು ಮೇಲಿನ ಸೀಳು ಮುಚ್ಚಿಕೊಳ್ಳುತ್ತದೆ. ಡಿಸ್ಕ್ ಆ ಸೀಳಿನಲ್ಲಿ ಸಿಕ್ಕಿ ಮಷೀನ್ ಎದೆಗೆ ಎಗರುತ್ತದೆ. ಕಲ್ಲನ್ನು ಸೀಳಿನ ಒಂದು ಪಕ್ಕಕ್ಕೆ ಹತ್ತಿರ ತನ್ನಿ, ಇನ್ನೊಂದು ಕಡೆಯ ತುಂಡು ತಾನಾಗಿ ಕೆಳಗೆ ಬಾಗಿ ಸೀಳು ತೆರೆಯಲಿ. ಪಕ್ಕದ ಹ್ಯಾಂಡಲ್ ತೆಗೆದಿಡಬೇಡಿ. ಮೈಯನ್ನು ಡಿಸ್ಕ್‌ನ ನೇರಕ್ಕೆ ಇಡಬೇಡಿ. ಹೊಲದಲ್ಲೇ ರಿಪೇರಿ ಮಾಡುವಾಗ ರವದಿಯಿಂದ (ಕಬ್ಬಿನ ಒಣ ಗರಿ), ಡೀಸೆಲ್ ಟ್ಯಾಂಕಿನಿಂದ ದೂರ ಎಳೆದು ತನ್ನಿ. ಒಣ ರವದಿಗೆ ಒಂದು ಕಿಡಿ ಸಾಕು.

ಡಿಸ್ಕ್ ಹೀಗೆ ಸಿಕ್ಕಿ ನಿಂತಾಗಲೇ ನಟ್ ಜಾಮ್ ಆಗುವುದು. ಲಾಕ್ ಬಟನ್ ಒತ್ತಿ ಪಾನಾಗೆ ಪೈಪ್ ಹಾಕಿ ತಿರುಗಿಸಿದರೆ ಪಿನ್ ಮುರಿಯುತ್ತದೆ. ಬದಲು ಡಿಸ್ಕ್‌ನ ಉಳಿದ ಭಾಗ ಇಕ್ಕಳದಿಂದ ಮುರಿದು ತೆಗೆಯಿರಿ. ಒಳಗಿನ ಫ್ಲ್ಯಾಂಜ್ ಮೇಲಿನ ಹಿಡಿತ ಸಡಿಲವಾಗಿ ನಟ್ ಸುಲಭಕ್ಕೆ ಬರುತ್ತದೆ.

ಬಾಡಿಯಲ್ಲಿ ಜುಮ್ ಅನ್ನುತ್ತದೆ

ಮುಂದಿನ ಅಲ್ಯೂಮಿನಿಯಂ ತಲೆ ಮುಟ್ಟಿದರೆ ಸಣ್ಣಗೆ ಶಾಕ್ ಹೊಡೆದರೂ ಮಷೀನ್ ಪಕ್ಕಕ್ಕಿಡಿ. ಹೆಚ್ಚಿನ ಗ್ರೈಂಡರ್‌ಗಳ ಮೇಲೆ ಚೌಕದೊಳಗೆ ಚೌಕದ ಗುರುತು ಇರುತ್ತದೆ. ಅಂದರೆ ಡಬಲ್ ಇನ್ಸುಲೇಶನ್, ಅರ್ಥಿಂಗ್ ವೈರ್ ಇಲ್ಲ, ಎರಡೇ ಎಳೆ. ಹಾಗಾಗಿ ಒಳಗೆ ಕಾರ್ಬನ್ ಮತ್ತು ಕಬ್ಬಿಣದ ಪುಡಿ ಸೇರಿ ದಾರಿ ಮಾಡಿಕೊಂಡರೆ ನಿಮ್ಮ ಕೈಯೇ ಅರ್ಥಿಂಗ್. ಬಿಚ್ಚಿ ಪೂರ್ತಿ ಶುಚಿ ಮಾಡಿ ಒಣಗಿಸಿ, ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಇದ್ದವರಿಂದ ಪರೀಕ್ಷಿಸಿ. ಲೈನ್‌ಗೆ 30 ಮಿಲಿ ಆಂಪಿಯರ್‌ನ ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿಸುವುದು ಹೊಸ ಗ್ರೈಂಡರ್‌ಗಿಂತ ಮುಂಚಿನ ಕೆಲಸ.

ರಿಪೇರಿಯೋ, ಹೊಸದೋ

ಕಾರ್ಬನ್, ಸ್ವಿಚ್, ವೈರ್, ಬೇರಿಂಗ್‌ವರೆಗೆ ಯೋಚನೆಯೇ ಬೇಡ, ರಿಪೇರಿ ಮಾಡಿಸಿ. ಆರ್ಮೇಚರ್, ಅದರ ಸುತ್ತ ಕೂರುವ ಫೀಲ್ಡ್ ಕಾಯಿಲ್ ಎರಡೂ ಹೋಗಿ ಒಟ್ಟು ಖರ್ಚು ಹೊಸದರ ಅರ್ಧ ದಾಟಿದರೆ ಬಿಟ್ಟುಬಿಡುವುದು ಜಾಣತನ. ಅಗ್ಗದ ರೀವೈಂಡಿಂಗ್‌ನಲ್ಲಿ ಬ್ಯಾಲೆನ್ಸ್ ನೋಡದೆ ಕೊಟ್ಟರೆ ಬೇರಿಂಗ್ ಮತ್ತೆ ಹೋಗುತ್ತದೆ. ಕಂಪನಿ ಆರ್ಮೇಚರ್ ಸಿಗುವುದಾದರೆ ನನ್ನ ಮತ ಅದಕ್ಕೆ.

ಹೊಸದು ತರುವಾಗ ಹಳೆಯದು ಯಾಕೆ ಹೋಯಿತು ಅನ್ನೋದನ್ನೇ ನೋಡಿ ಆರಿಸಿ. ಗೇಟ್, ಗ್ರಿಲ್, ಸ್ಕ್ವೇರ್ ಪೈಪ್ ಕೆಲಸಕ್ಕೆ ನಾಲ್ಕಿಂಚಿನ 850 ವ್ಯಾಟ್ ಸಾಕು. ದಿನವಿಡೀ ವೆಲ್ಡಿಂಗ್ ಉಜ್ಜುವವರಿಗೆ ಐದಿಂಚು. ಕಾಸ್ಟಿಂಗ್, ಟ್ರೇಲರ್ ಚಾಸಿಗೆ ಏಳಿಂಚು, ಅದಕ್ಕೆ 16 ಆಂಪಿಯರ್ ಸಾಕೆಟ್ಟೂ ಜೊತೆಗೆ. ಒಂದೇ ಅಳತೆಯ ಪೈಪ್ ಸಾಲಾಗಿ ಕೊಯ್ಯುವುದಿದ್ದರೆ ಗ್ರೈಂಡರ್ ಬೇಡ, 14 ಇಂಚಿನ ಕಟ್‌ಆಫ್ ಮಷೀನ್ ತನ್ನಿ. ಲೈನ್ ಹೋಗಿ ಬರುವ ಊರಾದರೆ ಸ್ವಿಚ್ ಬಗ್ಗೆ ಹೆಚ್ಚು ಗಮನ ಕೊಡಿ. ಲಾಕ್ ಆಗುವ ಸ್ವಿಚ್ ಆನ್ ಆಗೇ ಉಳಿದು, ಕರೆಂಟ್ ಬಂದಾಗ ಮಷೀನ್ ನೆಲದ ಮೇಲೆ ತಾನೇ ಓಡಲು ಶುರು ಮಾಡುತ್ತದೆ. ಕೈ ಬಿಟ್ಟರೆ ನಿಲ್ಲುವ ಪ್ಯಾಡಲ್ ಸ್ವಿಚ್ ಅಥವಾ ತಾನಾಗಿ ಶುರುವಾಗದ ರಕ್ಷಣೆ ಇರುವ ಮಾಡೆಲ್‌ಗೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಕೊಡಿ.

ಕೊಳ್ಳುವ ಮೊದಲು ಆ ಮಾಡೆಲ್‌ನ ಕಾರ್ಬನ್ ಮತ್ತು ಆರ್ಮೇಚರ್ ಊರಲ್ಲಿ ಸಿಗುತ್ತಾ ಅಂತ ಬಿಡಿಭಾಗದ ಅಂಗಡಿಯಲ್ಲಿ ಕೇಳಿ. ಎರಡು ಜೊತೆ ಕಾರ್ಬನ್ ಅಂದೇ ತೆಗೆದುಕೊಳ್ಳಿ. ಬಿಲ್ ಮೇಲೆ ಮಾಡೆಲ್ ನಂಬರನ್ನು ಕೊನೆಯ ಅಕ್ಷರದವರೆಗೂ ಬರೆಸಿಕೊಳ್ಳಿ. ಒಂದಕ್ಷರ ಬದಲಾದರೂ ಆರ್ಮೇಚರ್‌ನ ಗೇರ್ ಹಲ್ಲಿನ ಲೆಕ್ಕ ಬೇರೆ ಇರಬಹುದು.